ಹೊಗೆಯ ಬಿಲ್ ಯಾರ ಹೆಸರಿಗೆ?

ಅಕ್ಕಿ ಮಂಡಕ್ಕಿಯಾಗಲು ಕೆಲವು ಸೆಕೆಂಡು ಸಾಕು. ಅದಕ್ಕೆ ಮುಂಚಿನ ಕೆಲಸವೇ ದೊಡ್ಡದು. ಭತ್ತ ನೆನೆಹಾಕಬೇಕು, ಬೇಯಿಸಬೇಕು, ಕಣದಲ್ಲಿ ಹರವಿ ಒಣಗಿಸಬೇಕು, ಮಿಲ್ಲಿಗೆ ಹಾಕಿಸಬೇಕು, ಬಂದ ಅಕ್ಕಿಗೆ ಉಪ್ಪುನೀರು ಹಿಡಿಸಿ ಹದಮಾಡಬೇಕು. ಇಷ್ಟೆಲ್ಲ ಆದಮೇಲೆ ಆ ಅಕ್ಕಿ ಕಾದ ಮರಳಿನ ಬಾಣಲೆಗೆ ಬೀಳುತ್ತದೆ. ಚಟಪಟ ಅನ್ನುವಷ್ಟರಲ್ಲಿ ಜರಡಿ ಹಿಡಿದವನು ಮರಳನ್ನು ಕೆಳಗೆ ಬಿಟ್ಟು ಬಿಳಿ ರಾಶಿಯನ್ನು ಪಕ್ಕಕ್ಕೆ ಸುರಿದಿರುತ್ತಾನೆ. ಒಂದು ಗಳಿಗೆ ತಡವಾದರೆ ಮಂಡಕ್ಕಿ ಕೆಂಪಾಗುತ್ತದೆ, ಕೆಂಪಾದದ್ದನ್ನು ಪೇಟೆಯಲ್ಲಿ ಯಾರೂ ಮುಟ್ಟುವುದಿಲ್ಲ. ಬೆಂಕಿ ಸಣ್ಣಗಾದರೆ ಅರಳದೆ ಗಟ್ಟಿಯಾಗಿ ಉಳಿಯುತ್ತದೆ. ಹಾಗಾಗಿ ಭಟ್ಟಿಯವರಿಗೆ ಬೇಕಾದದ್ದು ಬೆಳಗಿನ ಜಾವದಿಂದ ಒಂದೇ ಸಮನೆ ಉರಿಯುವ ಬೆಂಕಿ, ಅದೂ ಅಗ್ಗದಲ್ಲಿ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಈ ಬೆಂಕಿಗೆ ಭತ್ತದ ಹೊಟ್ಟು, ಕಟ್ಟಿಗೆ, ಶೇಂಗಾ ಸಿಪ್ಪೆ ಎಲ್ಲ ಬಿದ್ದಿವೆ. ಹಳೇ ಟೈರೂ ಬಿದ್ದಿದೆ. ಟೈರಿನ ಹೊಗೆ ಎಂಥದ್ದೆಂದು ಆ ಕಡೆ ಮನೆ ಇರುವವರನ್ನೇ ಕೇಳಬೇಕು. ಒಣಹಾಕಿದ ಬಿಳಿ ಪಂಚೆಯನ್ನು ಮಧ್ಯಾಹ್ನ ತೆಗೆಯುವಾಗ ಮಡಿಕೆಯಲ್ಲಿ ಕರಿ ಕೂತಿರುತ್ತದೆ.

ನಾನು ಊರಿನ ಸಣ್ಣಪುಟ್ಟ ಉದ್ದಿಮೆಗಳಿಗೆ ಲೆಕ್ಕ ಬರೆದು, ರಿಟರ್ನ್ ಹಾಕಿ, ಲೈಸೆನ್ಸ್ ರಿನ್ಯೂ ಮಾಡಿಸಿ ಜೀವನ ಮಾಡುವವನು. ಈಚೆಗೆ ಹಳೇ ಗಿರಾಕಿ ಸಾಬರೊಬ್ಬರು ಬಂದರು. ಎರಡು ಒಲೆಯ ಭಟ್ಟಿ ಅವರದು. ಮನೆಮಂದಿಯ ಜೊತೆ ಇಬ್ಬರು ಆಳು. ಬಟ್ಟೆ ಚೀಲದಿಂದ ಮಡಿಸಿದ ನೋಟಿಸು ತೆಗೆದು ಮೇಜಿನ ಮೇಲಿಟ್ಟರು. ಫ್ಯಾನಿನ ಗಾಳಿಗೆ ಹಾರಬಾರದೆಂದು ಅದರ ಮೇಲೆ ನನಗೆಂದು ತಂದಿದ್ದ ಮಂಡಕ್ಕಿ ಪೊಟ್ಟಣ ಇಟ್ಟರು. ಮಂಡಕ್ಕಿಗೆ ಏನು ತೂಕ, ಎರಡೂ ಹಾರಿದವು.

"ಚಿಮಣಿ ಎತ್ರ ಮಾಡ್ಬೇಕಂತೆ ಸರ. ಅದ್ಯಾವ್ದೋ ಹೊಗಿಗೆ ನೀರು ಚಿಮ್ಮೋ ಮಿಷನ್ ಹಾಕ್ಬೇಕಂತೆ. ಟೈರು ಮುಟ್ಟಂಗಿಲ್ಲಂತೆ. ಟೈರು ಬಿಡ್ತೀನಿ ಬಿಡ್ರಿ. ಹೊಟ್ಟಿನ ರೇಟು ಯಾರು ಇಳಿಸ್ತಾರೆ?"

ಕಾಯ್ದೆ ಬಿಗಿಯಾದರೆ ಖರ್ಚು ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಆ ಖರ್ಚು ಯಾರಿಗೆಂದು ಕಾಯ್ದೆ ಬರೆದವರು ಎಣಿಸಿರುತ್ತಾರೋ ಅವರ ಹತ್ತಿರವೇ ನಿಲ್ಲುವುದು ಅಪರೂಪ. ಕೈಯಿಂದ ಕೈಗೆ ದಾಟಿ, ಕೊನೆಗೆ ಮುಂದಕ್ಕೆ ದಾಟಿಸಲು ಯಾರಿಗೆ ಆಗುವುದಿಲ್ಲವೋ ಅವರ ಹತ್ತಿರ ಕೂರುತ್ತದೆ. ದಾವಣಗೆರೆ, ಚಿತ್ರದುರ್ಗ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನು ಲೆಕ್ಕ ಬರೆಯುವವನ ಕಣ್ಣಿನಿಂದ ಹೇಳುತ್ತೇನೆ.

ಮೊದಲು, ಕಾಯ್ದೆ ಯಾಕೆ ಬೇಕು ಅನ್ನುವುದು. ಸುಡುವವನಿಗೆ ಟೈರು ಅಗ್ಗ, ನಿಜ. ಅದರ ಬೆಲೆಯ ಇನ್ನೊಂದು ಪಾಲನ್ನು ಪಕ್ಕದ ಮನೆಯ ಕೂಸು ಕೆಮ್ಮಿ ಕಟ್ಟುತ್ತಿದೆ. ಆ ಮನೆಯ ಡಾಕ್ಟರ್ ಫೀಸು, ತಪ್ಪಿದ ಕೂಲಿ, ಔಷಧಿ ಚೀಟಿ ಯಾವುದೂ ಭಟ್ಟಿಯ ಖಾತೆ ಪುಸ್ತಕದಲ್ಲಿ ಬರುವುದಿಲ್ಲ. ಇನ್ನೊಬ್ಬರ ತಲೆಗೆ ಹಾಕಿದ ಈ ಖರ್ಚನ್ನು ಮಾಡಿದವನ ಲೆಕ್ಕಕ್ಕೇ ತರಬೇಕು, ತೆರಿಗೆ ಅದಕ್ಕೊಂದು ದಾರಿ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲೇ ವಾದಿಸಿದ್ದರು. ಈ ವಾದದಲ್ಲಿ ಹುಳುಕಿಲ್ಲ.

ನಾವು ಹೆಚ್ಚಾಗಿ ಹಿಡಿದದ್ದು ಬೇರೆ ದಾರಿ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, ಮೂರಕ್ಕೂ ಅನುಮತಿ ಮತ್ತು ನಿಷೇಧವೇ ಬೆನ್ನೆಲುಬು. ಘಟಕ ಕಟ್ಟುವ ಮುಂಚೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಂದು ಕನ್ಸೆಂಟ್, ಅಂದರೆ ಒಪ್ಪಿಗೆ ಪತ್ರ, ಓಡಿಸಲು ಇನ್ನೊಂದು. ಮಾಲಿನ್ಯದ ಅಂಕ ನೋಡಿ ಉದ್ಯಮಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸುವ ಪದ್ಧತಿ 2016ರಲ್ಲಿ ಬಂತು. ಷರತ್ತು ಮೀರಿದರೆ ಮಂಡಳಿಯ ಕೈಯಲ್ಲಿ ಇದ್ದದ್ದು ಘಟಕ ಮುಚ್ಚಿಸುವ, ಕರೆಂಟು ನೀರು ಕಡಿಸುವ, ಕ್ರಿಮಿನಲ್ ಕೇಸು ಹಾಕುವ ಅಧಿಕಾರ. ತಪ್ಪಿನ ಅಳತೆಗೆ ತಕ್ಕಂತೆ ಸಣ್ಣ ದಂಡ ಹಾಕಿ ತಿದ್ದುವ ದಾರಿ ಬಹಳ ಕಾಲ ಇಕ್ಕಟ್ಟಾಗಿಯೇ ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಜೈಲಿನ ಬದಲು ದಂಡ ಎಂದು ಕೆಲವನ್ನು ಬದಲಿಸಿದೆ, ಅದರ ಫಲ ಇನ್ನೂ ಕಾಣಬೇಕು. ನೆಗಡಿಗೆ ಮೂಗು ಕೊಯ್ಯುವ ಚಾಕು ಮಾತ್ರ ಕೈಯಲ್ಲಿದ್ದರೆ ಎರಡೇ ಆಗುತ್ತದೆ: ಒಂದೋ ಯಾರೂ ಚಾಕು ಎತ್ತುವುದಿಲ್ಲ, ಇಲ್ಲವೇ ಎತ್ತಿದವರು ಮೂಗೇ ಕೊಯ್ಯುತ್ತಾರೆ.

ದಾವಣಗೆರೆಯಲ್ಲಿ ಚಾಕು ಎತ್ತುವ ಒತ್ತಡ ಈಗ ಹೆಚ್ಚಿದೆ. 2019ರಲ್ಲಿ ಕೇಂದ್ರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಮತ್ತು ನಮ್ಮ ಊರು. ಗಾಳಿಯ ಗುಣಮಟ್ಟದ ಮಿತಿ ಮೀರಿದ ನಗರಗಳ ಪಟ್ಟಿ ಅದು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳಲ್ಲಿ ಸೇರಿದಾಗಲೂ ನಮ್ಮ ಪ್ರಸ್ತಾವದಲ್ಲಿ ಮಂಡಕ್ಕಿ ಭಟ್ಟಿ ಪ್ರದೇಶದ ಹೆಸರಿತ್ತು. ಅಂದರೆ ಭಟ್ಟಿಗಳ ಮೇಲೆ ಕಣ್ಣು ಬಿದ್ದು ಹತ್ತು ವರ್ಷವಾಯಿತು.

ಈಗ ಸಾಬರ ನೋಟಿಸಿಗೆ ಬರೋಣ. ಲೆಕ್ಕ ಸುಲಭವಾಗಲಿ ಎಂದು ದುಂಡು ಅಂಕಿ ಹಿಡಿಯುತ್ತೇನೆ. ಅವರ ಭಟ್ಟಿ ದಿನಕ್ಕೆ 40 ಚೀಲ, ಮಳೆ, ಹಬ್ಬ ಕಳೆದು ವರ್ಷಕ್ಕೆ 250 ದಿನ ಎಂದರೆ 10,000 ಚೀಲ. ಎಲ್ಲ ಖರ್ಚು ಕಳೆದು ಚೀಲಕ್ಕೆ 15 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಚಿಮಣಿ, ಹೊಗೆ ತೊಳೆಯುವ ಯಂತ್ರ, ಅದರ ಸಾಲದ ಬಡ್ಡಿ, ಕರೆಂಟು, ರಿಪೇರಿ, ಕನ್ಸೆಂಟ್ ಶುಲ್ಕ, ನನ್ನಂಥವನ ಫೀಸು ಎಲ್ಲ ಸೇರಿ ವರ್ಷಕ್ಕೆ 1,20,000 ರೂಪಾಯಿ ಬಿತ್ತು. ಚೀಲಕ್ಕೆ 12 ರೂಪಾಯಿ. ಉಳಿದದ್ದು 3.

ಹೊರವಲಯದಲ್ಲಿ ಯಂತ್ರದಿಂದ ದಿನಕ್ಕೆ 400 ಚೀಲ ತೆಗೆಯುವ ಘಟಕವೊಂದಿದೆ ಅನ್ನೋಣ. ವರ್ಷಕ್ಕೆ ಒಂದು ಲಕ್ಷ ಚೀಲ. ಹತ್ತು ಪಟ್ಟು ಮಂಡಕ್ಕಿಗೆ ಹತ್ತು ಚಿಮಣಿ ಬೇಡ, ಸ್ವಲ್ಪ ದೊಡ್ಡದೊಂದು ಸಾಕು. ಅವರಿಗೆ ವರ್ಷಕ್ಕೆ ಎರಡೂವರೆ ಲಕ್ಷ ಬಿದ್ದರೂ ಚೀಲಕ್ಕೆ ಎರಡೂವರೆ ರೂಪಾಯಿ. ಕಾಯ್ದೆ ಇಬ್ಬರಿಗೂ ಒಂದೇ. ಅದರ ಭಾರ ಮಾತ್ರ ಒಬ್ಬರಿಗೆ ಎರಡೂವರೆ, ಇನ್ನೊಬ್ಬರಿಗೆ ಹನ್ನೆರಡು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ನೋಟಿಸು ಬಂದ ದಿನ ದೊಡ್ಡ ಘಟಕದವರು ಬೈಯುತ್ತಾರೆ. ಎರಡು ವರ್ಷ ಕಳೆದು ಸಣ್ಣ ಭಟ್ಟಿಗಳ ಗಿರಾಕಿ ತಮ್ಮ ಬಾಗಿಲಿಗೆ ಬಂದಾಗ ಸುಮ್ಮನಾಗುತ್ತಾರೆ. ಇದು ಮಂಡಕ್ಕಿಗೆ ಮಾತ್ರವಲ್ಲ, ಬೆಲ್ಲದ ಆಲೆಮನೆ, ಇಟ್ಟಿಗೆ ಭಟ್ಟಿ, ಬಣ್ಣ ಹಾಕುವ ಘಟಕ ಎಲ್ಲಕ್ಕೂ ಹೊಂದುವ ಲೆಕ್ಕ.

ಮೂರು ರೂಪಾಯಿಗೆ ಭಟ್ಟಿ ನಡೆಸಲಾಗದು ಅನ್ನಿಸಿದವನು ಮುಚ್ಚುತ್ತಾನೆ ಎಂದು ಪುಸ್ತಕ ಹೇಳುತ್ತದೆ. ಕೆಲವರು ಮುಚ್ಚುತ್ತಾರೆ ಕೂಡ. ಇನ್ನು ಕೆಲವರು ರಾತ್ರಿಗೆ ಜಾರುತ್ತಾರೆ. ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನ ಬಿಸಿ ಪದರದ ಕೆಳಗೆ ಸಿಕ್ಕಿಕೊಳ್ಳುತ್ತದೆ, ಹೊಗೆ ಏರುವುದಿಲ್ಲ. ಹಗಲಿನ ಅಷ್ಟೇ ಹೊಗೆ ರಾತ್ರಿ ಮಲಗಿದವರ ಮೂಗಿಗೆ ಹೆಚ್ಚು ಹೋಗುತ್ತದೆ. ನಿಯಮ ಬಿಗಿಯಾಯಿತು, ಕಾಗದದ ಮೇಲೆ ಹೊಗೆ ಇಳಿಯಿತು, ಎದೆಯೊಳಗೆ ಏರಿತು.

ಇನ್ನೂ ಒಂದು ನಡೆಯುತ್ತದೆ. ಒಲೆಯನ್ನು ಸುಧಾರಿಸಿ ಹೊಸದು ಕಟ್ಟಲು ಹೋದವನು ಹೊಸ ಕನ್ಸೆಂಟ್, ಹೊಸ ಷರತ್ತಿನ ಬಲೆಗೆ ಬೀಳುತ್ತಾನೆ. ಏನೂ ಮಾಡದೆ ಅಜ್ಜನ ಕಾಲದ ಒಲೆಯನ್ನೇ ಉರಿಸುವವನನ್ನು ಯಾರೂ ಕೇಳುವುದಿಲ್ಲ. ಅಮೆರಿಕದ 1970ರ ಶುದ್ಧ ಗಾಳಿ ಕಾಯ್ದೆಯಲ್ಲೂ ಇದೇ ಆಗಿತ್ತು: ಹೊಸ ಸ್ಥಾವರಗಳಿಗೆ ಕಟ್ಟುನಿಟ್ಟು, ಇದ್ದವುಗಳಿಗೆ ರಿಯಾಯಿತಿ. ಫಲವಾಗಿ ಹಳೇ ಕಲ್ಲಿದ್ದಲು ಸ್ಥಾವರಗಳು ನಿವೃತ್ತಿಯೇ ಆಗದೆ ದಶಕಗಟ್ಟಲೆ ಉರಿದವು.

ಹೊಟ್ಟಿನ ಕಥೆ ಇವೆಲ್ಲಕ್ಕಿಂತ ವಿಚಿತ್ರ. ಭದ್ರಾ ನಾಲೆಯ ಕೃಪೆಯಿಂದ ನಮ್ಮಲ್ಲಿ ಭತ್ತಕ್ಕೆ, ರೈಸ್ ಮಿಲ್ಲಿಗೆ ಬರ ಇಲ್ಲ. ಒಂದು ಕಾಲಕ್ಕೆ ಮಿಲ್ಲಿನ ಹಿಂದೆ ಗುಡ್ಡೆ ಬಿದ್ದ ಹೊಟ್ಟನ್ನು ಸಾಗಿಸಿಕೊಂಡು ಹೋದರೆ ಸಾಕಪ್ಪಾ ಅನ್ನುತ್ತಿದ್ದರು. ಆಮೇಲೆ ಮಿಲ್ಲುಗಳೇ ತಮ್ಮ ಬಾಯ್ಲರಿಗೆ ಅದನ್ನು ಹಾಕಿಕೊಂಡವು. ಕಲ್ಲಿದ್ದಲು, ಫರ್ನೇಸ್ ಎಣ್ಣೆಯಿಂದ ದೂರ ಸರಿಯಬೇಕಾದ ಕಾರ್ಖಾನೆಗಳು, ಜೀವರಾಶಿಯಿಂದ ವಿದ್ಯುತ್ ಮಾಡುವ ಘಟಕಗಳು, ಇಟ್ಟಿಗೆಯವರು ಎಲ್ಲರೂ ಹೊಟ್ಟಿಗೆ ಕೈಹಾಕಿದರು. ಪರಿಸರಕ್ಕೆ ಒಳ್ಳೆಯದೇ. ಆದರೆ ಕಸ ಸರಕಾಯಿತು, ಸರಕಿಗೆ ರೇಟು ಬಂತು, ಲಾರಿಗಟ್ಟಲೆ ಕೊಳ್ಳುವವರ ಮುಂದೆ ಚೀಲಗಟ್ಟಲೆ ಕೊಳ್ಳುವ ಭಟ್ಟಿಯವರು ಹಿಂದೆ ಬಿದ್ದರು. ಹಿಂದೆ ಬಿದ್ದವರಿಗೆ ಟೈರು ಸಿಕ್ಕಿತು. ಒಂದು ಕಡೆ ಹೊಗೆ ತಗ್ಗಿಸಿದ ನಿಯಮವೇ ಇನ್ನೊಂದು ಕಡೆ ಟೈರಿಗೆ ದಾರಿ ಮಾಡಿಕೊಡುತ್ತದೆ. ಎರಡು ಫೈಲುಗಳೂ ಒಂದೇ ಮೇಜಿಗೆ ಬರದ ಕಾರಣ ಈ ನಂಟು ಯಾರಿಗೂ ಕಾಣುವುದಿಲ್ಲ.

ಭಟ್ಟಿಯಿಂದ ಗಣಿಗೆ ಹೋದರೆ ಇದೇ ಕಥೆ ಬೆಟ್ಟದಷ್ಟಾಗುತ್ತದೆ.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರಿನ ಸರದಿ. ನಿಲ್ಲಿಸಲು ಕಾರಣ ಸಣ್ಣದಾಗಿರಲಿಲ್ಲ. ಅರಣ್ಯದೊಳಗೆ ಗಡಿಕಲ್ಲುಗಳೇ ಜರುಗಿದ್ದವು, ಪರ್ಮಿಟ್ಟಿಲ್ಲದ ಅದಿರು ಬಂದರಿಗೆ ಹೋಗಿತ್ತು, ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಅದೇ ಜುಲೈನಲ್ಲಿ ಬಂದಿತ್ತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ 2009ರಲ್ಲಿ ಹಾಕಿದ ಅರ್ಜಿಯೇ ಈ ಆದೇಶಕ್ಕೆ ದಾರಿ. ಆ ಆದೇಶ ತಪ್ಪೆಂದು ನಾನು ಹೇಳಲಾರೆ. ಹೊಳಲ್ಕೆರೆ ತಾಲ್ಲೂಕಿನ ಕಡೆ ಅದಿರು ಲಾರಿಗಳ ದಾರಿಯಲ್ಲಿ ಅಡಿಕೆ ತೋಟ ಇದ್ದವರನ್ನು ಕೇಳಿ ನೋಡಿ. ಹಿಂಗಾರದ ಮೇಲೆ ಕೆಂಪು ಧೂಳು ಕೂತ ವರ್ಷಗಳನ್ನು ಅವರು ಮರೆತಿಲ್ಲ.

ಆದರೆ ಬಿಲ್ ಯಾರಿಗೆ ಹೋಯಿತು ಅನ್ನುವುದನ್ನು ನೋಡಬೇಕು. ಸುಪ್ರೀಂ ಕೋರ್ಟ್ ನೇಮಿಸಿದ್ದ ಕೇಂದ್ರೀಯ ಉನ್ನತಾಧಿಕಾರ ಸಮಿತಿ ಮೂರು ಜಿಲ್ಲೆಗಳ 166 ಗಣಿ ಗುತ್ತಿಗೆಗಳನ್ನು ಅಳೆದು ಮೂರು ವರ್ಗ ಮಾಡಿತು. ಅಕ್ರಮ ಇಲ್ಲದ ಅಥವಾ ಅತ್ಯಲ್ಪ ಇದ್ದ 45 ಗಣಿಗಳು ಎ ವರ್ಗ. ಒಂದು ಮಿತಿಯೊಳಗಿನ ಒತ್ತುವರಿಯ 72 ಬಿ ವರ್ಗ. ಭಾರಿ ಅಕ್ರಮದ 49 ಸಿ ವರ್ಗ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಬಿ ವರ್ಗದವರು ಒತ್ತುವರಿ ಮಾಡಿ ಅಗೆದ ಜಾಗಕ್ಕೆ ಹೆಕ್ಟೇರಿಗೆ 5 ಕೋಟಿ, ಮಣ್ಣು ಸುರಿದ ಜಾಗಕ್ಕೆ 1 ಕೋಟಿ ಕಟ್ಟಬೇಕಾಯಿತು. ಇಷ್ಟು ನುಣುಪಾಗಿ ಅಳೆದು ದಂಡ ಹಾಕಿದ್ದು ನಮ್ಮಲ್ಲಿ ಅಪರೂಪ, ಮೆಚ್ಚಬೇಕು.

ಅಳೆಯುವ ತನಕ ಮಾತ್ರ ಎ ವರ್ಗದ ಗಣಿಯೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಿಂತೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗಡಿಯೊಳಗೇ ಅಗೆದವನಿಗೂ ಗಡಿಕಲ್ಲು ಕಿತ್ತವನಿಗೂ ಅಷ್ಟು ದಿನ ಒಂದೇ ಶಿಕ್ಷೆ ಆದಾಗ, ಪ್ರಾಮಾಣಿಕತೆಗೆ ಪೇಟೆಯಲ್ಲಿ ಬೆಲೆ ಇಲ್ಲ ಅನ್ನುವ ಸಂದೇಶ ಹೋಗುತ್ತದೆ.

ಗಣಿಯವರಾದರೂ ತಡೆದುಕೊಂಡರು. ನನ್ನ ಹೆಂಡತಿಯ ಸೋದರಮಾವನ ಮಗ ತಡೆದುಕೊಳ್ಳಲಿಲ್ಲ. 2010ರಲ್ಲಿ ಫೈನಾನ್ಸಿನಲ್ಲಿ ಎರಡು ಟಿಪ್ಪರ್ ತೆಗೆದಿದ್ದ. ಹನ್ನೊಂದು ತಿಂಗಳು ಚೆನ್ನಾಗಿ ಓಡಿದವು. ಆಗಸ್ಟಿನಲ್ಲಿ ಗಣಿ ನಿಂತಿತು, ಕಂತು ನಿಲ್ಲಲಿಲ್ಲ. ಟಿಪ್ಪರನ್ನು ಬೇರೆ ಕೆಲಸಕ್ಕೆ ಹಚ್ಚೋಣ ಎಂದರೆ ಆ ಸುತ್ತಿನ ಟಿಪ್ಪರುಗಳೆಲ್ಲ ಒಟ್ಟಿಗೇ ಬೇರೆ ಕೆಲಸ ಹುಡುಕುತ್ತಿದ್ದವು; ಮಾರೋಣ ಎಂದರೆ ಮಾರುವವರೇ ಎಲ್ಲ. ಒಂದು ಜಪ್ತಿ ಆಯಿತು, ಇನ್ನೊಂದು ಅರ್ಧ ಬೆಲೆಗೆ ಹೋಯಿತು, ಅವರಮ್ಮನ ಎರಡೆಳೆ ಸರ ಬ್ಯಾಂಕಿಗೆ ಹೋದದ್ದು ವಾಪಸು ಬರಲಿಲ್ಲ. ಈಗ ಬೇರೆಯವರ ಲಾರಿ ಓಡಿಸುತ್ತಾನೆ. "ಗಡಿಕಲ್ಲು ಕಿತ್ತೋರು ದಂಡ ಕಟ್ಟಿ ಮತ್ತೆ ಗಣಿ ತೆಗುದ್ರು ಭಾವ, ನಾನು ಏನ್ ಕಿತ್ತಿದ್ದೆ ಅಂತ ಕಂತು ಕಟ್ಟಿದೆ?" ಅನ್ನುತ್ತಾನೆ. ಕ್ಲೀನರ್ ಹುಡುಗರು, ಪಂಕ್ಚರ್ ಅಂಗಡಿಯವರು, ದಾರಿಬದಿಯಲ್ಲಿ ಚಿತ್ರಾನ್ನ ಮಾರುತ್ತಿದ್ದವರು ಇವರ್ಯಾರೂ ಆ 166 ಗುತ್ತಿಗೆಗಳ ಯಾವ ವರ್ಗದಲ್ಲೂ ಇರಲಿಲ್ಲ.

ಅರ್ಥಶಾಸ್ತ್ರದವರು ಹೊಂದಾಣಿಕೆಯ ವೆಚ್ಚ ಎಂದು ಕರೆಯುವುದು ಇದನ್ನೇ. ಬಂಡವಾಳಕ್ಕೆ ಕಾಲಿದೆ, ಅದು ನಡೆದು ಹೋಗುತ್ತದೆ. ಉಕ್ಕಿಗೆ ಬೇಡಿಕೆ ಇದ್ದ ತನಕ ಅದಿರು ಬೇಕೇ ಬೇಕು; ನಮ್ಮಲ್ಲಿ ನಿಂತರೆ ಬಳ್ಳಾರಿ ಬಳಿಯ ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಹೊರರಾಜ್ಯದಿಂದ, ಕೊನೆಗೆ ಹೊರದೇಶದಿಂದಲೂ ಬಂತು. ಅಲ್ಲಿನ ಬೆಟ್ಟ ಅಗೆದು, ನೂರಾರು ಮೈಲಿ ರೈಲಿನಲ್ಲಿ, ಹಡಗಿನಲ್ಲಿ ಡೀಸೆಲ್ ಸುಟ್ಟು ತಂದ ಅದಿರು. ಧೂಳು ಇಲ್ಲವಾಗಲಿಲ್ಲ, ವಿಳಾಸ ಬದಲಿಸಿತು. ಟಿಪ್ಪರ್ ಸಾಲ ಇದ್ದವನು ಮಾತ್ರ ವಿಳಾಸ ಬದಲಿಸಲಾರ.

ಮತ್ತೆ ಗಣಿ ತೆರೆದಾಗ ಮಿತಿ ಬಂತು. ಇಡೀ ರಾಜ್ಯಕ್ಕೆ ವರ್ಷಕ್ಕೆ 3 ಕೋಟಿ ಟನ್. ಅದರಲ್ಲಿ ಚಿತ್ರದುರ್ಗ, ತುಮಕೂರು ಎರಡಕ್ಕೂ ಸೇರಿ 50 ಲಕ್ಷ ಟನ್. 2017ರಲ್ಲಿ ಅದು 70 ಲಕ್ಷ ಆಯಿತು, 2022ರಲ್ಲಿ ಒಂದೂವರೆ ಕೋಟಿ. ಅದಿರನ್ನು ಇ-ಹರಾಜಿನಲ್ಲೇ ಮಾರಬೇಕೆಂಬ ಕಟ್ಟಳೆ 2022ರ ಮೇ ತನಕ ಇತ್ತು. ಮಿತಿ ಹಾಕಿದ್ದು ಸರಿ. ಆದರೆ ಪ್ರತಿ ಬದಲಾವಣೆಗೂ ಕೋರ್ಟಿನ ಬಾಗಿಲು ಬಡಿಯಬೇಕಾದ ಕಡೆ ಐದು ವರ್ಷದ ಸಾಲದ ಲೆಕ್ಕ ಹಾಕುವುದು ಹೇಗೆ? ಮುಂದೇನೆಂದು ತಿಳಿಯದಿರುವುದೂ ಒಂದು ಖರ್ಚೇ. ಬ್ಯಾಂಕಿನವರು ಅದನ್ನು ಬಡ್ಡಿಯಲ್ಲಿ ಸೇರಿಸಿ ಕೊಡುತ್ತಾರೆ.

ಗಣಿಯವರಿಂದ ವಸೂಲಾದ ಹಣದ್ದು ಇನ್ನೊಂದು ಕಥೆ. ಹಾಳಾದ ಪ್ರದೇಶ ಸರಿಮಾಡಲು, ಜನರ ಬದುಕು ಕಟ್ಟಲು ಎಂದು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರಿಗೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಸುಪ್ರೀಂ ಕೋರ್ಟಿನ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. 2011ರ ಪೆಟ್ಟಿಗೆ ಹನ್ನೊಂದು ವರ್ಷಕ್ಕೆ ಮುಲಾಮು. ಅಷ್ಟರಲ್ಲಿ ಕ್ಲೀನರ್ ಹುಡುಗ ಬೆಂಗಳೂರಿನ ಪೀಣ್ಯದಲ್ಲಿ ಮನೆಮಾಡಿ, ಅವನ ಮಗಳು ಅಲ್ಲಿಯ ಶಾಲೆಯಲ್ಲಿ ಐದನೇ ಕ್ಲಾಸಿಗೆ ಬಂದಿರುತ್ತಾಳೆ.

ಮರಳಿನ ವಿಷಯ ಎಲ್ಲರಿಗೂ ಗೊತ್ತಿರುವುದೇ, ಹಾಗಾಗಿ ಚಿಕ್ಕದಾಗಿ. 5 ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗೆ ಪರಿಸರ ಅನುಮತಿ ಬೇಕಿಲ್ಲ ಎಂದಿದ್ದ ಕಾಲದಲ್ಲಿ ಹರಿಯಾಣದಲ್ಲಿ ನದಿಪಾತ್ರವನ್ನು ಅದಕ್ಕಿಂತ ಸಣ್ಣ ತುಂಡು ಮಾಡಿ ಹರಾಜು ಹಾಕಹೊರಟಿದ್ದರು. 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಣ್ಣದಕ್ಕೂ ಅನುಮತಿ ಕಡ್ಡಾಯ ಎಂದಿತು. ನ್ಯಾಯವಾದದ್ದೇ. ಅನುಮತಿ ಕೊಡುವ ವ್ಯವಸ್ಥೆ ಆ ವೇಗಕ್ಕೆ ತಯಾರಿರಲಿಲ್ಲ. ಹರಿಹರ, ಹೊನ್ನಾಳಿ ಕಡೆ ತುಂಗಭದ್ರೆಯ ಮರಳು ಹಗಲು ಸಿಗದಾಯಿತು, ರಾತ್ರಿ ಸಿಕ್ಕಿತು. ಅಭಾವದಿಂದ ಏರಿದ ಬೆಲೆ ಸರ್ಕಾರಕ್ಕೆ ರಾಯಲ್ಟಿಯಾಗಿ ಬರಲಿಲ್ಲ, ರಾತ್ರಿ ಲಾರಿ ಬಿಡುವ ಧೈರ್ಯ ಇದ್ದವನಿಗೂ ಅವನನ್ನು ನೋಡದಂತೆ ನೋಡಿದವರಿಗೂ ಹೋಯಿತು. ಗಾರೆ ಮೇಸ್ತ್ರಿ ಮನೆಯಲ್ಲಿ ಕೂತ. ಕೊನೆಗೆ ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ಬಂದು ಹೊಳೆಯ ಭಾರವನ್ನು ಗುಡ್ಡಕ್ಕೆ ಸಾಗಿಸಿತು, ಈಗ ಕ್ರಷರ್ ಧೂಳಿನ ತಕರಾರು.

ಇದೆಲ್ಲ ನಮ್ಮೂರಿನ ಗೊಣಗಾಟ ಮಾತ್ರವೇ? ಅಲ್ಲ, ಅಳೆದು ನೋಡಿದವರಿದ್ದಾರೆ. ಅಮೆರಿಕದ ಮೈಕೆಲ್ ಗ್ರೀನ್‌ಸ್ಟೋನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1972ರಿಂದ 1987ರ ನಡುವೆ ಅಲ್ಲಿನ ಗಾಳಿ ಕಾಯ್ದೆ ಬಿಗಿಯಾಗಿದ್ದ ಕೌಂಟಿಗಳು (ನಮ್ಮ ಜಿಲ್ಲೆಯಂಥವು), ಬಿಗಿ ಇಲ್ಲದವಕ್ಕೆ ಹೋಲಿಸಿದರೆ, ಸುಮಾರು 5,90,000 ಉದ್ಯೋಗ ಕಳೆದುಕೊಂಡವು. ಎಲ್ಲ ಮಾಯವಾದವು ಎಂದಲ್ಲ, ಬಹಳಷ್ಟು ಪಕ್ಕದ ಕೌಂಟಿಗೆ ಹೋಗಿರಬಹುದು, ನಮ್ಮ ಅದಿರಿನ ಹಾಗೆ. ಆಮೇಲೆ ರೀಡ್ ವಾಕರ್ ಎಂಬುವರು 2013ರಲ್ಲಿ ಕೆಲಸಗಾರರ ಬೆನ್ನು ಹಿಡಿದು ಹೋದರು. 1990ರ ತಿದ್ದುಪಡಿಯ ನಂತರ ನಿಯಮಕ್ಕೆ ಒಳಪಟ್ಟ ವಲಯದ ಸರಾಸರಿ ಕೆಲಸಗಾರನಿಗೆ ಆದ ಒಟ್ಟು ನಷ್ಟ ಅವನ ಹಿಂದಿನ ಗಳಿಕೆಯ ಶೇ 20ರಷ್ಟು. ಅದರಲ್ಲಿ ಹೆಚ್ಚೂಕಡಿಮೆ ಎಲ್ಲವೂ ಕೆಲಸ ಕಳೆದುಕೊಂಡವರ ತಲೆಗೇ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳುತ್ತದೆ: ಶುದ್ಧ ಗಾಳಿಯಿಂದ ದೇಶಕ್ಕಾದ ಲಾಭದ ಅಂದಾಜಿನ ಮುಂದೆ ಈ ನಷ್ಟ ತೀರಾ ಸಣ್ಣದು. ಎರಡನ್ನೂ ಒಟ್ಟಿಗೆ ಓದಬೇಕು. ಲಾಭ ಕೋಟಿ ಜನರಿಗೆ ಚೂರುಚೂರಾಗಿ ಹಂಚಿಹೋಗುತ್ತದೆ, ನಷ್ಟ ಕೆಲವು ಮನೆಗಳಿಗೆ ಇಡಿಯಾಗಿ ಬೀಳುತ್ತದೆ. ದೇಶದ ಲೆಕ್ಕದಲ್ಲಿ ಸಣ್ಣದಾದ ಅಂಕಿ, ಎರಡೆಳೆ ಸರದ ಲೆಕ್ಕದಲ್ಲಿ ಸಣ್ಣದಲ್ಲ.

ಪರಿಸರ ಕಾಯ್ದೆಯೇ ಊರನ್ನು ಮುಳುಗಿಸಿತು ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿದ ಹತ್ತಿ ಮಿಲ್ಲುಗಳು ಬಾಗಿಲು ಹಾಕಿದ್ದಕ್ಕೆ ಹಳೇ ಯಂತ್ರ, ಪವರ್‌ಲೂಮಿನ ಪೈಪೋಟಿ, ನಷ್ಟ, ಕಾರ್ಮಿಕ ತಕರಾರು ಕಾರಣ, ಮಾಲಿನ್ಯದ ನೋಟಿಸಲ್ಲ. ಪ್ಲಾಸ್ಟಿಕ್ ನಿಷೇಧ 2016ರಲ್ಲಿ ರಾಜ್ಯದಲ್ಲೂ 2022ರಲ್ಲಿ ದೇಶದಲ್ಲೂ ಬಂದಾಗ ಚನ್ನಗಿರಿಯ ಕಡೆ ತೋಟದಲ್ಲಿ ಬಿದ್ದು ಕೊಳೆಯುತ್ತಿದ್ದ ಅಡಿಕೆ ಹಾಳೆಗೆ ತಟ್ಟೆಯಾಗುವ ಯೋಗ ಕೂಡಿ ಬಂತು. ನಿಯಮದಿಂದ ಹೊಸ ಕೆಲಸವೂ ಹುಟ್ಟುತ್ತದೆ. ಕೆಲಸ ಕಳೆದುಕೊಂಡವನಿಗೇ ಅದು ಸಿಗುತ್ತದೆ ಎಂಬ ಖಾತರಿ ಇಲ್ಲ, ಅಷ್ಟೆ.

ಹಾಗಾದರೆ ಖರ್ಚು ಕಡಿಮೆಯಾಗುವ ದಾರಿ ಇಲ್ಲವೇ? ಗುಜರಾತಿನ ಸೂರತ್ತಿನಲ್ಲಿ 2019ರಲ್ಲಿ ಒಂದು ಪ್ರಯೋಗ ಆಯಿತು. ಮುನ್ನೂರಕ್ಕೂ ಹೆಚ್ಚು ಕಾರ್ಖಾನೆಗಳು, ಹೆಚ್ಚಿನವು ಬಟ್ಟೆಯವು. ಅರ್ಧದಷ್ಟಕ್ಕೆ ಹಳೇ ನಿಯಮ, ಉಳಿದರ್ಧಕ್ಕೆ ಹೊಗೆಯ ಕೋಟಾ. ಎಲ್ಲರೂ ಸೇರಿ ಇಷ್ಟೇ ಹೊಗೆ ಬಿಡಬೇಕು, ಕಡಿಮೆ ಬಿಟ್ಟವನು ಉಳಿದದ್ದನ್ನು ಮಾರಬಹುದು, ಹೆಚ್ಚು ಬೇಕಾದವನು ಕೊಳ್ಳಬೇಕು. ಚಿಮಣಿಯಲ್ಲಿ ಮೀಟರು. ಕೋಟಾ ಇದ್ದ ಕಡೆ ಹೊಗೆಯ ಕಣಗಳು ಶೇ 20ರಿಂದ 30ರಷ್ಟು ತಗ್ಗಿದವು, ತಗ್ಗಿಸುವ ಖರ್ಚು ಶೇ 11ರಷ್ಟು ಇಳಿಯಿತು. ಯಾವ ಯಂತ್ರ ಹಾಕಬೇಕೆಂದು ಯಾರೂ ಹೇಳಲಿಲ್ಲ, ಎಷ್ಟು ಹೊಗೆ ಅನ್ನುವುದನ್ನು ಮಾತ್ರ ಹೇಳಿದರು. ಯಾರಿಗೆ ಅಗ್ಗವೋ ಅವರು ಮೊದಲು ತಗ್ಗಿಸಿದರು. ನಮ್ಮ ರೈಸ್ ಮಿಲ್ಲುಗಳ ಬಾಯ್ಲರಿಗೆ ಇದನ್ನು ಯೋಚಿಸಬಹುದು. ಸಾಬರ ಭಟ್ಟಿಗೆ ಆಗದು, ಮೀಟರಿನ ಬೆಲೆಗೆ ಇಡೀ ಭಟ್ಟಿ ಬರುತ್ತದೆ.

ಸಾಬರಿಗೆ ನಾನು ಹೇಳಿದ್ದು ಬೇರೆ. ಅವರ ಸಾಲಿನಲ್ಲಿ ಅಂಥದ್ದೇ ಇನ್ನೂ ಮೂರು ಭಟ್ಟಿಗಳಿವೆ, ಗೋಡೆಗೆ ಗೋಡೆ ತಾಗಿಕೊಂಡು. ನಾಲ್ಕೂ ಭಟ್ಟಿಗಳ ಹೊಗೆಯನ್ನು ಒಂದೇ ಕೊಳವೆಗೆ ತಂದು ಒಂದೇ ಚಿಮಣಿ, ಒಂದೇ ಯಂತ್ರ ಹಾಕಿದರೆ? ದುಂಡು ಲೆಕ್ಕದಲ್ಲಿ ವರ್ಷಕ್ಕೆ 1,60,000, ಚೀಲ 40,000. ಚೀಲಕ್ಕೆ 4 ರೂಪಾಯಿ. ಹೊಟ್ಟನ್ನೂ ನಾಲ್ವರು ಕೂಡಿ ಲಾರಿ ಲೆಕ್ಕದಲ್ಲಿ ತರಿಸಿದರೆ ಮಿಲ್ಲಿನವರು ಮಾತಾಡುವ ಧಾಟಿಯೇ ಬೇರೆಯಾಗುತ್ತದೆ.

ಮುಂದಿನ ವಾರ ನಾಲ್ವರೂ ಬಂದರು. ಆ ನಾಲ್ಕು ರೂಪಾಯಿಯ ಲೆಕ್ಕವನ್ನು ಎರಡು ಸಲ ಹೇಳಿಸಿಕೊಂಡರು. ಯಂತ್ರಕ್ಕೆ ನೀರು ಯಾರ ಬೋರಿನಿಂದ, ಕರೆಂಟ್ ಮೀಟರು ಯಾರ ಗೋಡೆಗೆ, ಒಬ್ಬ ಕದ್ದು ಟೈರು ಹಾಕಿದರೆ ದಂಡ ಯಾರಿಗೆ ಎಂದು ಅರ್ಧ ಗಂಟೆ ಜಗಳಾಡಿದರು. ಕೊನೆಯ ಪ್ರಶ್ನೆಗೆ ಎಲ್ಲರೂ ಒಬ್ಬನ ಮುಖ ನೋಡಿದರು, ಅವನು ಚಹಾ ಲೋಟ ನೋಡಿದ. ನಾನು ಕನ್ಸೆಂಟ್ ಅರ್ಜಿ ತೆರೆದೆ. ಘಟಕದ ಹೆಸರು, ಮಾಲೀಕನ ಹೆಸರು, ಒಲೆ ಎಷ್ಟು, ಚಿಮಣಿ ಎಷ್ಟು. ನಾಲ್ಕು ಭಟ್ಟಿ, ನಾಲ್ಕು ಲೈಸೆನ್ಸು, ಒಂದು ಚಿಮಣಿ. ಪಾಲುದಾರಿಕೆ ಪತ್ರ ಮಾಡಿಸೋಣ ಎಂದೆ. ಅಣ್ಣತಮ್ಮಂದಿರ ನಡುವೆಯೇ ಪಾಲುದಾರಿಕೆ ಉಳಿಯದ ಊರು ಇದು ಎಂದರು ಸಾಬರು. ಸಹಕಾರ ಸಂಘಕ್ಕೆ ನಾಲ್ವರು ಸಾಲರು.

"ಮೊದ್ಲು ಹೆಸರಿನ ಜಾಗ ಬಿಟ್ಟು ಮಿಕ್ಕಿದ್ದು ತುಂಬ್ರಿ ಸರ," ಎಂದರು. ತುಂಬಿದೆ. ಅರ್ಜಿ ಹಾಗೇ ಇದೆ, ಅದರ ಮೇಲೆ ಈ ಸಲ ಕಬ್ಬಿಣದ ಗುಂಡು ಇಟ್ಟಿದ್ದೇನೆ.